ರೀಲಿಗೆ ಕೊಬ್ಬರಿ ಎಣ್ಣೆ
ಚಳಿಗಾಲದಲ್ಲಿ ಬೆಳಕು ಹರಿದರೆ ಸಾಕು, ಅತಾವುಲ್ಲಾ ಸಾಹೇಬರು ಮಫ್ಲರ್ ಸುತ್ತಿಕೊಂಡು ಕಳಸಾಪುರದ ಕೆರೆದಂಡೆಗೆ ಹಾಜರು. ಆದರೆ ಮೊದಲ ಅರ್ಧ ತಾಸು ಮೀನಿನ ಸುದ್ದಿಯೇ ಇಲ್ಲ. ಗಾಳದ ರೀಲಿಗೆ ಹಾಕಿದ ಕೊಬ್ಬರಿ ಎಣ್ಣೆ ಥಂಡಿಗೆ ಹೆಪ್ಪುಗಟ್ಟಿ ಹಿಡಿಕೆಯೇ ತಿರುಗುವುದಿಲ್ಲ. ರೀಲು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು, ಕೋಳಿ ಕಾವಿಗೆ ಕೂತಂತೆ ಕೂತುಬಿಡುತ್ತಾರೆ. ಅಷ್ಟರಲ್ಲಿ ಕೆರೆಯ ಮೀನೆಲ್ಲ ನಾಷ್ಟಾ ಮುಗಿಸಿರುತ್ತವೆ. "ಮಷಿನ್ ಎಣ್ಣಿ ಹಾಕ್ರಿ ಸಾಹೇಬ್ರ" ಎಂದು ಪಕ್ಕದಲ್ಲೇ ಗಾಳ ಹಾಕುವ ನಾನು ಹೇಳಿದರೆ, "ಮನ್ಯಾಗ ಇದ ಐತಲ್ರಿ, ಯಾಕ ಕೆಡಸೋದು?" ಎನ್ನುತ್ತಾರೆ. ಅದು ಹೆಂಡತಿ ಗೌಸಬಿಯ ತಲೆಗೆ ಹಚ್ಚುವ ಎಣ್ಣೆ. ದೊಡ್ಡ ಕಾಯಿಲೆಯ ಔಷಧಕ್ಕೆ ಆಕೆಯ ಕೂದಲೆಲ್ಲ ಉದುರಿದ ಮೇಲೆ ಬಾಟಲಿ ಗೋಡೆಯ ಗೂಡಿನಲ್ಲೇ ಉಳಿದಿತ್ತು. ನಿನ್ನೆ ಮಾತ್ರ ಸಾಹೇಬರು ಬಂದ ಕೂಡಲೇ ರೀಲು ಗಿರ್ರನೆ ತಿರುಗಿತು. ಮಷಿನ್ ಎಣ್ಣೆಯ ವಾಸನೆ. "ಕೊಬ್ಬರಿ ಎಣ್ಣಿ ಏನಾತ್ರಿ?" ಎಂದೆ. ಸಾಹೇಬರ ಮುಖ ಅರಳಿತು: "ಬಾಟ್ಲಿ ಆಕಿ ವಾಪಸ್ ಇಸ್ಕೊಂಡಾಳ್ರಿ, ತಲಿಗೆ ಬೇಕಂತ!"