ಸಂಜೆ ಕೀಳದ ಗಿಡ

ಅಮೆರಿಕದ ಆಸ್ಟಿನ್ನಿನ ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಕಾಪಿಡುವ ಕಡೆ, ಸುಮಿತ್ರವ್ವನಷ್ಟು ಹದವಾಗಿ ಗೋಂದು ಹಚ್ಚುವವರು ಇನ್ನೊಬ್ಬರಿಲ್ಲ. ಧಾರವಾಡದ ಹೆಣ್ಣುಮಗಳು, ಅರವತ್ತೆಂಟು ದಾಟಿದೆ. ಸಂಬಳವಿಲ್ಲದ ಈ ಕೆಲಸಕ್ಕೆ ಆರು ವರ್ಷದಿಂದ ಒಂದು ಮಂಗಳವಾರವೂ ತಪ್ಪಿಸಿಲ್ಲ. ಎಲ್ಲರೂ ಹೊಗಳುವವರೇ. ಆಕೆಯ ಹೊಟ್ಟೆಯೊಳಗಿನ ಸಂಕಟ ಯಾರಿಗೆ ಗೊತ್ತು!

ಗಂಡ ಈರಣ್ಣನಿಗೆ ಗಿಡದ ಹುಚ್ಚು. ರಜೆ ಸಿಕ್ಕಿದರೆ ಸಾಕು, ಪಶ್ಚಿಮ ಟೆಕ್ಸಸ್ಸಿನ ಮರುಭೂಮಿ ಕಣಿವೆಗಳಿಗೆ ಕಾರು ತಿರುಗಿಸುತ್ತಿದ್ದ. ಏಳು ವರ್ಷದ ಹಿಂದೆ ಅಂಥದೊಂದು ಕಣಿವೆಯಲ್ಲಿ ಮಿಲ್ಕ್‌ವೆಚ್ ಎಂಬ ಕಾಡುಗಿಡ ಕಂಡು ಕುಣಿದಾಡಿಬಿಟ್ಟ. ಅಲಸಂದಿ ಹೂವಿನಂಥ ಪುಟ್ಟ ನೇರಳೆ ಹೂ. ಅದು ಅಲ್ಲಿದೆಯೆಂದು ಯಾವ ದಾಖಲೆಯಲ್ಲೂ ಇರಲಿಲ್ಲ. ಕೀಳಲು ಬಗ್ಗಿದ.

"ಹೊತ್ತು ಮುಳುಗೈತ್ರಿ. ಮಲಗಿದ ಗಿಡಾ ಮುಟ್ಟಬಾರದು," ಎಂದಳು ಸುಮಿತ್ರವ್ವ.

"ಆತು ಬಿಡು, ಮುಂದಿನ ವರ್ಷ ಬರೋಣು," ಎಂದು ನಕ್ಕ. ಮರುದಿನ ಡಲ್ಲಾಸ್‌ನಲ್ಲಿ ಮದುವೆ, ನಿಲ್ಲುವಂತಿರಲಿಲ್ಲ. ಆ ವರ್ಷದ ಶ್ರಾವಣದಲ್ಲೇ ಈರಣ್ಣ ಎದೆನೋವಿನಿಂದ ತೀರಿಕೊಂಡ.

ಅವನ ನೋಟ್‌ಬುಕ್ಕಿನಲ್ಲಿ ಜಾಗ, ತಾರೀಖು ಎಲ್ಲ ಇತ್ತು. ಆದರೆ ಬರೀ ಕಂಡೆ ಅಂದರೆ ಹರ್ಬೇರಿಯಂ ಒಪ್ಪುವುದಿಲ್ಲ, ಗಿಡವೇ ಬೇಕು. ನನ್ನ ಬಾಯಿಗೆ ಬೆಂಕಿ ಹಾಕ ಎಂದು ಆಕೆ ತನ್ನನ್ನೇ ಶಪಿಸಿಕೊಂಡದ್ದು ಎಷ್ಟು ಸಲವೋ. ಎರಡು ಸಲ ಹುಡುಕಿ ಹೋಗಿ ಬರಿಗೈಯಲ್ಲಿ ಬಂದಳು. ಮಳೆಯಿಲ್ಲದ ವರ್ಷ ಅದು ತಲೆಯೆತ್ತುವುದೇ ಇಲ್ಲ.

ಈ ವರ್ಷ ಮಳೆಯಾಯಿತು. ಜಮೀನಿನವರ ಅನುಮತಿ ಪಡೆದು ಮಗಳು ನಿವೇದಿತಾಳ ಜೊತೆ ಹೋದಳು. ಸುಡುವ ಮಧ್ಯಾಹ್ನ. ಅದೇ ಬಂಡೆಯ ಬುಡದಲ್ಲಿ ಹತ್ತಿಪ್ಪತ್ತು ಗಿಡ! ಸುಮಿತ್ರವ್ವ ಕೈಮುಗಿದು, "ತಪ್ಪಾತವ್ವಾ," ಎಂದು ಒಂದನ್ನು ಬೇರುಸಹಿತ ಕಿತ್ತಳು. ಅತ್ತು ಅತ್ತು ಸುಸ್ತಾದಳು.

ಮಂಗಳವಾರ ತೃಪ್ತಿ, ಹರ್ಬೇರಿಯಂನಲ್ಲಿ ಕೆಲಸಕ್ಕಿರುವ ಮೈಸೂರಿನ ಹುಡುಗಿ, ಗಿಡದ ಚೀಟಿ ಟೈಪ್ ಮಾಡಲು ಕೂತಳು.

"ಕಿತ್ತವರ ಹೆಸರು ನಿಮ್ಮದೇ ಅಲ್ವಾ ಆಂಟಿ?"

"ಅವರದ ಹಾಕವಾ."

"ಹಾಗೆ ಹಾಕಿದ್ರೆ ಸುಳ್ಳು ದಾಖಲೆ ಆಗತ್ತೆ ಆಂಟಿ."

ಸುಮಿತ್ರವ್ವ ಏಳು ವರ್ಷ ಕಾದದ್ದು ಆ ಒಂದು ಹೆಸರಿಗೆ. ಆದರೆ ಸುಳ್ಳು ಬರೆಸಿದರೆ ಈರಣ್ಣ ಮೆಚ್ಚುವವನಲ್ಲ.

"ಕೆಳಗ ಷರಾ ಬರಿಯಾಕ ಜಾಗಾ ಐತೆಲ್ಲ, ಅಲ್ಲಿ ಖರೇನ ಬರಿ. ಏಳು ವರ್ಷದ ಹಿಂದ ಇದನ್ನ ಮೊದಲ ಕಂಡವರು ಈರಣ್ಣ. ಸಂಜಿ ಆಗಿತ್ತು. ಹೆಂಡತಿ ಬ್ಯಾಡಂದ್ಲು, ಕೀಳಲಿಲ್ಲ."

ತೃಪ್ತಿಯ ಬೆರಳು ನಿಂತಿತು. "ಹೆಂಡತಿ ಅಂತಲೇ ಹಾಕ್ಲಾ ಆಂಟಿ?"

"ಹೆಸರ ಹಾಕವಾ," ಎಂದಳು ಸುಮಿತ್ರವ್ವ. "ಮ್ಯಾಲೆ ಕಿತ್ತವರು ಅಂತ ಹಾಕೀಯಲ್ಲ, ಅದ ಹೆಸರು."