ಐದನೇ ಕೋಟು

ಗರುಡಾಚಾರ್‌ಪಾಳ್ಯದ ಭೀಮೇಶ ಇಪ್ಪತ್ತೆರಡು ವರ್ಷ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ತಪಾಸಣೆ ಮಾಡಿದವನು. ಯಂತ್ರದಿಂದ ಇಳಿದ ತುಂಡಿನ ಮೇಲೆ ಹೆಬ್ಬೆರಳಿನ ಉಗುರು ಎಳೆಯುವುದು, ಎಲ್ಲಿ ತಡೆಯಿತೋ ಅಲ್ಲಿಗೆ ಕೆಂಪು ಗುರುತು ಹಾಕಿ ಪಕ್ಕಕ್ಕೆ ಎತ್ತಿಡುವುದು, ಇದೇ ಅವನ ಕಸುಬು. ಮೇಲಿನವರು ಎಷ್ಟೇ ಕೂಗಾಡಲಿ, ಕೆಟ್ಟದ್ದನ್ನು ಒಳ್ಳೆಯದೆಂದಾಗಲಿ ಒಳ್ಳೆಯದನ್ನು ಕೆಟ್ಟದ್ದೆಂದಾಗಲಿ ಒಂದು ದಿನವೂ ಬರೆದವನಲ್ಲ. ಅಂಥ ಆಸಾಮಿ ಕಟ್ಟಿಕೊಂಡ ಹೆಂಡತಿಗೆ ನಲವತ್ತು ದಿನದಿಂದ ಸುಳ್ಳು ಹೇಳುತ್ತಿದ್ದ.

ಮಾರ್ಚ್ ಕೊನೆಗೆ ಕಾರ್ಖಾನೆ ಮುಚ್ಚಿತು. ಅವತ್ತು ಮನೆಗೆ ಬಂದು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮಂಜುಳ, ಅಡುಗೆಮನೆಗೆ ಕಪಾಟು ಯಾವಾಗ ಮಾಡುತ್ತೀರಿ ಎಂದು ಮೂರು ವರ್ಷದ ಹಳೇ ಪ್ರಶ್ನೆ ಎತ್ತಿದಳು. ನಾಳೆಯಿಂದಲೇ ಅಂದುಬಿಟ್ಟ. ರಜ ಬೇಕಾದಷ್ಟು ಕೂಡಿಬಿದ್ದಿದೆ, ಕಪಾಟು ಮುಗಿಯುವ ತನಕ ಹಾಕಿದ್ದೇನೆ ಅಂತಲೂ ಸೇರಿಸಿದ. ಹೆದರಿದವನ ಬಾಯಿಗೆ ಅದೆಲ್ಲಿಂದ ಬರುತ್ತವೋ ಇಂಥ ಮಾತುಗಳು! ಅವಳು ಖುಷಿಯಾಗಿ ಒಲೆ, ಸಿಲಿಂಡರ್ ಎಲ್ಲವನ್ನೂ ಹಿತ್ತಲಿನ ತಗಡಿನ ಶೀಟಿನ ಕೆಳಗೆ ಸಾಗಿಸಿದಳು. ಇವನಿಗೋ ಆ ಕ್ಷಣದಿಂದ ಒಂದೇ ಚಿಂತೆ. ಕಪಾಟು ಮುಗಿದ ದಿನ ರಜವೂ ಮುಗಿಯಬೇಕಲ್ಲ.

ಪ್ಲೈವುಡ್ ಕೊಯ್ದು ಕಪಾಟಿನ ಡಬ್ಬಗಳನ್ನು ನಿಲ್ಲಿಸುವುದು ಹತ್ತು ದಿನದಲ್ಲಿ ಆಗಿಹೋಯಿತು. ಇಷ್ಟು ಬೇಗ ಆಯಿತಲ್ಲ ಎಂದು ಅವನೇ ಬೆಚ್ಚಿದ. ಉಳಿದದ್ದು ಎಂಟು ಬಾಗಿಲು, ಅವಕ್ಕೆ ಬಿಳಿ ಎನಾಮಲ್. ಮೊದಲ ಕೋಟಿನಲ್ಲಿ ಬ್ರಷ್ಷಿನ ಗೆರೆಗಳು ಎದ್ದು ಕಂಡವು. ಉಜ್ಜಿ ತೆಗೆದ. ಎರಡನೆಯದರಲ್ಲಿ ಬಣ್ಣ ಇಳಿದು ಅಂಚಿನಲ್ಲಿ ಗಂಟು ಕಟ್ಟಿತು. ಮೂರನೆಯದಕ್ಕೆ ಧೂಳು ಕೂತಿತು. ನಾಲ್ಕನೆಯದು ಚೆನ್ನಾಗಿಯೇ ಬಂದಿತ್ತು. ಆದರೆ ಹಚ್ಚಿ ಎರಡು ತಾಸಾಗಿರಲಿಲ್ಲ, ಹೋಗಿ ಉಗುರು ಎಳೆದ. ಎಂಟು ಬಾಗಿಲಿಗೂ ಎಂಟು ಗೀರು! ತಡೆಯಲಾರದೆ ಮಾಡಿದೆನೋ ಬೇಕಂತಲೇ ಮಾಡಿದೆನೋ ಎಂದು ಅವನಿಗೇ ತಿಳಿಯಲಿಲ್ಲ.

ಮಂಜುಳ ಹೊರಮಾವಿನ ಟೈಲರ್ ಅಂಗಡಿಯಿಂದ ದಿನಾ ಸಂಜೆ ಬಂದು ಆ ಹಿತ್ತಲಿನಲ್ಲೇ ಕೂತು ಬೇಯಿಸುತ್ತಿದ್ದಳು. ಏಪ್ರಿಲ್, ಮೇ ತಿಂಗಳ ಬಿಸಿಲು, ಮೇಲೆ ಕಾದ ತಗಡು, ಎದುರಿಗೆ ಒಲೆ. ಬುದ್ಧಪೂರ್ಣಿಮೆಯ ವಂದನೆ ಈ ಸಲ ನಮ್ಮ ಮನೆಯಲ್ಲಿ, ಮೂವತ್ತು ಜನಕ್ಕೆ ಪಾಯಸ ಮಾಡಬೇಕು, ಅಷ್ಟರೊಳಗೆ ನನ್ನ ಅಡುಗೆಮನೆ ನನಗೆ ಕೊಡಿ ಎಂದು ಒಂದು ದಿನ ಖಡಾಖಂಡಿತವಾಗಿ ಹೇಳಿದಳು. ಪೂರ್ಣಿಮೆಗೆ ಒಂದೇ ವಾರ ಉಳಿದಿತ್ತು.

ಭೀಮೇಶನಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಕೂತರೆ ಕಾಲು ಕುಣಿಯುತ್ತಿತ್ತು, ಎದ್ದರೆ ಎಲ್ಲಿಗೆ ಹೋಗುವುದೆಂದು ಗೊತ್ತಾಗುತ್ತಿರಲಿಲ್ಲ. ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿಗೆ ನಡೆದು, ಸಿಕ್ಕ ಬಸ್ಸು ಹತ್ತಿ ಶಿವಾಜಿನಗರದಲ್ಲಿ ಇಳಿದ. ಅಲ್ಲಿ ಬಣ್ಣದಂಗಡಿ ಇಟ್ಟುಕೊಂಡಿದ್ದ ಉಮ್ಮೆ ಕುಲ್ಸುಂ ಎಂಬ ಮುದುಕಿ, ಇವನು ಇನ್ನೊಂದು ಡಬ್ಬಿ ಎನಾಮಲ್ ಕೇಳಿದ್ದೇ ತಡ, ಎಷ್ಟನೇ ಕೋಟು ಎಂದು ಕೇಳಿದಳು. ನಾಲ್ಕೂ ಕೋಟಿನ ಪುರಾಣ ಹೇಳಿಬಿಟ್ಟ. ಮುಗಿಯಬಾರದೆಂದು ಒಳಗೊಳಗೇ ಹಾರೈಸುತ್ತಿದ್ದ ಮನುಷ್ಯ ಮುಗಿಸುವ ದಾರಿ ಕೇಳುತ್ತ ನಿಂತಿದ್ದ, ನೋಡಿ. ಏನು ಮಾಡುವುದು, ತನ್ನ ಕೈಯಿಂದ ಹೊರಬಿದ್ದ ಹಾಳು ಕೆಲಸವನ್ನು ನೋಡಿಕೊಂಡಿರುವುದು ಅವನಿಂದ ಆಗದು.

ಬಾಗಿಲುಗಳನ್ನು ನಿಲ್ಲಿಸಿ ಹಚ್ಚಿದರೆ ಬಣ್ಣ ಇಳಿಯದೆ ಇನ್ನೇನಾಗುತ್ತದೆ ಎಂದು ಆಕೆ ಗದರಿದಳು. ಕಳಚಿ ಇಟ್ಟಿಗೆಯ ಮೇಲೆ ಮಲಗಿಸಬೇಕು, ವಾಟರ್ ಪೇಪರ್ ಅನ್ನುವ ಮರಳುಕಾಗದ ನೆನೆಸಿ ಉಜ್ಜಬೇಕು, ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಬೇಕು. ಆಮೇಲೆ ಬಣ್ಣಕ್ಕೆ ಚೂರು ಥಿನ್ನರ್ ಬೆರೆಸಿ ಸ್ಪಾಂಜಿನ ರೋಲರಿನಲ್ಲಿ ಒಂದೇ ದಿಕ್ಕಿಗೆ ಎಳೆಯಬೇಕು, ಎಳೆದ ಮೇಲೆ ಮತ್ತೆ ಮುಟ್ಟಬಾರದು. ಉಗುರಿನ ವಿಷಯ ಕೇಳಿ ಮಾತ್ರ ಆಕೆ ಇವನನ್ನು ಕೆಳಗಿಂದ ಮೇಲಕ್ಕೆ ನೋಡಿದಳು.

"ಬಣ್ಣಕ್ಕೆ ಏನೂ ಆಗಿಲ್ಲ ಭಾಯ್, ನಿಮ್ದು ಕೈಗೇ ಏನೋ ಆಗಿದೆ. ಹಚ್ಚಿ, ಬೀಗ ಹಾಕಿ, ಕೀ ಮನೆಯವ್ರ ಕೈಗೆ ಕೊಟ್ಬಿಡಿ. ಮಾರನೇ ದಿನ ಅದೇ ಟೈಮಿಗೆ ತೆಗೀರಿ."

ಅಕ್ಷರಶಃ ಹಾಗೆಯೇ ಮಾಡಿದ. ಶನಿವಾರ ಮಧ್ಯಾಹ್ನ ಐದನೇ ಕೋಟು ಎಳೆದು ಮುಗಿಸಿ, ಅಡುಗೆಮನೆಗೆ ಬೀಗ ಜಡಿದು, ಸಂಜೆ ಕೀಲಿಯನ್ನು ಮಂಜುಳಳ ಕೈಗಿಟ್ಟ. ಅವಳು ನಗುತ್ತ ಸೆರಗಿಗೆ ಗಂಟು ಹಾಕಿಕೊಂಡಳು. ಆ ರಾತ್ರಿ ಅವನು ಮಗ್ಗುಲು ಬದಲಿಸಿದ್ದೇ ಬದಲಿಸಿದ್ದು. ಭಾನುವಾರ ಬೆಳಗ್ಗೆಯೇ ಎದ್ದು ಹಲಸೂರು ಕೆರೆಯ ತನಕ ಹೋದ, ಒಂದು ಸುತ್ತು ಹಾಕಿದ, ಟೀ ಕುಡಿದ, ಮತ್ತೊಂದು ಸುತ್ತು ಹಾಕಿದ. ಬಣ್ಣ ಕೆಟ್ಟಿರಲಿ ಎಂದು ಒಂದು ಸಲ, ಚೆನ್ನಾಗಿ ಬಂದಿರಲಿ ಎಂದು ಇನ್ನೊಂದು ಸಲ ಅನ್ನಿಸುತ್ತಿತ್ತು. ಥೂ, ಇದೇನು ಬಾಳು ಎಂದು ತನಗೆ ತಾನೇ ಬೈದುಕೊಂಡು ಮಧ್ಯಾಹ್ನಕ್ಕೆ ಮನೆಗೆ ಬಂದ.

ಮಂಜುಳ ಬೀಗ ತೆಗೆದಳು. ಇಟ್ಟಿಗೆಗಳ ಮೇಲೆ ಎಂಟು ಬಾಗಿಲು ಮಲಗಿದ್ದವು. ಭೀಮೇಶ ಮಂಡಿಯೂರಿ ಮೊದಲನೆಯದರ ಮೇಲೆ ಹಗುರವಾಗಿ ಉಗುರು ಎಳೆದ. ಎಲ್ಲೂ ತಡೆಯಲಿಲ್ಲ. ಎರಡನೆಯದು, ಮೂರನೆಯದು, ಎಂಟನೆಯದು. ಎಲ್ಲೂ ಇಲ್ಲ. ಅಂಗಿ ಜೇಬಿನಲ್ಲಿ ವಾಟರ್ ಪೇಪರಿನ ಚೂರಿತ್ತು. ಒಂದು ಸಲ ಉಜ್ಜಿ, ಇಲ್ಲೊಂದು ಕಡೆ ಸರಿಯಿಲ್ಲ ಅಂದಿದ್ದರೆ ಇನ್ನೂ ಮೂರು ದಿನ ದಕ್ಕುತ್ತಿದ್ದವು. ಕೈ ಜೇಬಿನ ತನಕ ಹೋಯಿತು, ಒಳಗೆ ಇಳಿಯಲಿಲ್ಲ.

"ಆಯ್ತಾ?" ಅಂದಳು ಮಂಜುಳ.

"ಆಯ್ತು. ಏನೂ ತಪ್ಪಿಲ್ಲ."

"ಹಾಗಾದ್ರೆ ನಾಳೆಯಿಂದ ಡ್ಯೂಟಿಗೆ ಹೋಗ್ತೀರಾ?"

ಅವನು ನೆಲದಿಂದ ಏಳಲೇ ಇಲ್ಲ. "ಹೋಗೋಕೆ ಕಂಪ್ನಿ ಇಲ್ಲ ಮಂಜುಳಾ. ಮಾರ್ಚಲ್ಲೇ ಮುಚ್ಚಿದ್ರು. ನಿಂಗೆ ಹೇಳೋಕೆ ಹೆದರಿಕೆ ಆಯ್ತು."

ಅಳುತ್ತಾಳೆ ಅಂದುಕೊಂಡ, ಅಳಲಿಲ್ಲ. ಹಿತ್ತಲ ಬಾಗಿಲಿನಾಚೆ ತಗಡಿನ ಕೆಳಗಿದ್ದ ಒಲೆಯನ್ನೇ ನೋಡುತ್ತಿದ್ದಳು. ಆಮೇಲೆ ದನಿ ಏರಿಸದೆ ಅಂದಳು:

"ಕೆಲ್ಸ ಹೋಗಿದ್ದು ನಿಮ್ಮ ತಪ್ಪಲ್ಲ. ನಲವತ್ತು ದಿನ ನನ್ನ ಆ ಬಿಸಿಲಲ್ಲಿ ಕೂರಿಸಿದ್ರಲ್ಲ, ಅದು ನಿಮ್ಮ ತಪ್ಪು."

ಭೀಮೇಶನಿಗೆ ನಾಚಿಕೆಯಿಂದ ಮುಖ ಸುಟ್ಟಂತಾಯಿತು. ಹೂಂ ಅಂದ. ಮಂಜುಳ ಸೆರಗು ಸಿಕ್ಕಿಸಿಕೊಂಡು ಮೊದಲ ಬಾಗಿಲನ್ನು ಎತ್ತಿ ಕಪಾಟಿಗೆ ಆನಿಸಿ ಹಿಡಿದಳು. ಅವನು ಎದ್ದು ಬಂದು ಒಂದೊಂದೇ ಸ್ಕ್ರೂ ಬಿಗಿದ. ಎಂಟೂ ಬಾಗಿಲು ಕೂರುವ ತನಕ ಅವಳು ಕೈ ಸಡಿಲಿಸಲಿಲ್ಲ, ಅವನ ಮುಖವನ್ನೂ ನೋಡಲಿಲ್ಲ.