ಏಳನೇ ನಂಬರಿನ ಎಂ.ಎ.

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಉದ್ದನೆಯ ಓಣಿಯೊಂದರ ಕೊನೆಗೆ ಬಾಗಿಲು. ತಳ್ಳಿದರೆ ಮೊದಲು ಮುಖಕ್ಕೆ ಬಡಿಯುವುದು ಬಿಸಿ ಉಗಿ, ಆಮೇಲೆ ಸೋಪಿನ ವಾಸನೆ. ಬಿಳಿ ದೀಪದ ಕೆಳಗೆ ತಲೆಗೆ ಟೋಪಿ, ಕೈಗೆ ಗ್ಲೌಸು ತೊಟ್ಟ ಮಹಿಳೆಯೊಬ್ಬರು ಕತ್ತರಿಯೊಂದರಿಂದ ತೆಳು ಬಟ್ಟೆಯ ಚೂರನ್ನು ಕತ್ತರಿಸುತ್ತಿದ್ದಾರೆ. ಕೊನೆಯಲ್ಲಿ ಬಟ್ಟೆಯ ಒಂದೇ ಒಂದು ಎಳೆ ತುಂಡಾಗದೆ ಸಿಕ್ಕಿಕೊಳ್ಳುತ್ತದೆ. "ನೀನು ಇವತ್ತು ಬೇಡ, ಕೂತ್ಕೋ," ಎಂದು ಕತ್ತರಿಗೇ ಹೇಳಿ ಅದನ್ನು ಪಕ್ಕದಲ್ಲಿರುವ, ಸಾಣೆಗೆ ಕಳಿಸುವ ಡಬ್ಬಿಗೆ ಹಾಕುತ್ತಾರೆ.

ಉಳಿದ ಸಲಕರಣೆಗಳು ಪಟ್ಟಿಯ ಪ್ರಕಾರ ಒಂದೊಂದಾಗಿ ಟ್ರೇಗೆ ಇಳಿಯುತ್ತವೆ. ಇಕ್ಕಳಗಳು ಹನ್ನೆರಡು, ಕತ್ತರಿಗಳು ಆರು, ಗಾಯವನ್ನು ಅಗಲಿಸಿ ಹಿಡಿಯುವ ಕೊಕ್ಕೆಗಳು ನಾಲ್ಕು, ಹೀಗೆ ಐವತ್ತೆರಡು. ನೀಲಿ ಬಟ್ಟೆಯಲ್ಲಿ ಎರಡು ಸುತ್ತು ಸುತ್ತಿ, ಟೇಪು ಅಂಟಿಸಿ, ಲೇಬಲಿನ ಮೇಲೆ ಟ್ರೇಯ ಹೆಸರು, ತಾರೀಖು ಬರೆಯುತ್ತಾರೆ. ಕಟ್ಟಕಡೆಗೆ ಗಡಿಯಾರ ನೋಡಿ ಹೊತ್ತು ಬರೆದು, ಪಕ್ಕದಲ್ಲಿ ಸೊನ್ನೆ ಸುತ್ತಿ ಅದರೊಳಗೆ ಏಳು ಅಂತ ಹಾಕುತ್ತಾರೆ. ಪ್ಯಾಕ್ ಮಾಡಿದವರ ನಂಬರು ಅದು. ಟ್ರೇಯಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಉತ್ತರ ಹೇಳಬೇಕಾದವರು ಏಳನೇ ನಂಬರಿನವರು.

ಇಡೀ ಆಸ್ಪತ್ರೆ ಇವರನ್ನು ಕರೆಯುವುದು ‘ಟ್ರೇ ಅಕ್ಕ’ ಎಂದೇ. ಇವರಿಗಿಂತ ಹತ್ತು ವರ್ಷ ದೊಡ್ಡವರಾದ ಸರ್ಜನ್ನರೂ ಅಕ್ಕ ಎನ್ನುತ್ತಾರೆ. "ನನ್ನ ಸ್ವಂತ ಹೆಸರು ಸಂಬಳದ ಚೀಟೀಲಿ ಮಾತ್ರ ಇದೆ. ತಿಂಗಳಿಗೊಂದ್ಸಲ ನೋಡ್ಕೊಂಡು, ಓ ನಾನೇ ಅಂತ ಗುರುತು ಹಿಡೀತೀನಿ," ಎಂದು ನಗುತ್ತಾರೆ.

ವಯಸ್ಸು ನಲವತ್ತೆಂಟು. ಈ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ. ದಿನಕ್ಕೆ ಸುಮಾರು ಅರವತ್ತು ಟ್ರೇ, ಮೂರು ಸಾವಿರದಷ್ಟು ಸಲಕರಣೆ. ಕಟ್ಟಿದ ಟ್ರೇಗಳ ಕ್ರಿಮಿ ಕೊಲ್ಲುವ ಯಂತ್ರದ ಹೊಟ್ಟೆಯೊಳಗೆ ನೂರಾ ಮೂವತ್ತನಾಲ್ಕು ಡಿಗ್ರಿಯ ಉಗಿ. ಮೇಲೆ ಮೂರನೇ ಮಹಡಿಯಲ್ಲಿ ಯಾರದೋ ಹೊಟ್ಟೆ ಕೊಯ್ದು ಹೊಲಿದು, ಅವರು ಎದ್ದು ಮನೆಗೆ ನಡೆದುಹೋಗುವಾಗ ಡಾಕ್ಟರಿಗೆ, ನರ್ಸಿಗೆ ಥ್ಯಾಂಕ್ಸ್ ಹೇಳುತ್ತಾರೆ. ನೆಲಮಾಳಿಗೆಯ ಕಡೆ ಯಾರೂ ಇಳಿಯುವುದಿಲ್ಲ. ಇಳಿಯುವ ಹಾಗೂ ಇಲ್ಲ. ಬಾಗಿಲ ಮೇಲೆ ‘ಪ್ರವೇಶವಿಲ್ಲ’ ಎಂದು ಬರೆದಿದೆ.

ಟ್ರೇ ಅಕ್ಕ ಈ ವರ್ಷ ಇತಿಹಾಸದಲ್ಲಿ ಎಂ.ಎ. ಮುಗಿಸಿದ್ದಾರೆ. ಎರಡು ವರ್ಷ ಕೆಲಸ ಬಿಡದೆ, ವಾರಕ್ಕೆ ಮೂರು ಸಂಜೆ ಕಾಲೇಜಿಗೆ ಹೋಗಿ.

"ಬಿ.ಎ. ಮುಗಿದ ತಿಂಗಳಿಗೇ ಮದುವೆ ಆಯ್ತಮ್ಮ. ಮುಂದೆ ಓದ್ತೀನಿ ಅಂದಿದ್ದೆ. ಆ ‘ಮುಂದೆ’ ಬರೋಕೆ ಇಪ್ಪತ್ತಾರು ವರ್ಷ ಹಿಡೀತು," ಎನ್ನುತ್ತಾರೆ. ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿದ ವಾರವೇ ಇವರು ಅರ್ಜಿ ತಂದರು. ಮನೆಯಲ್ಲಿ ಮೊದಲು ಬಾಯಿ ಬಿಟ್ಟವರು ಅತ್ತೆ. "ಈಗ ಎಂ.ಎ. ಮಾಡಿ ಎಂಥಾ ಗಂಡನ್ನ ಹುಡುಕ್ತೀಯೇ? ಇರೋನು ಸಾಲದಾ?"

ಇರೋ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಹೆಂಡತಿಗೆ ಓದಲು ಹೊತ್ತಿಲ್ಲ ಎಂದು ಕಂಡಾಗ ಅವರೇ ಒಂದು ದಾರಿ ಹುಡುಕಿದರು: ಹೊಲಿಯುತ್ತಲೇ ಪಾಠದ ಪುಸ್ತಕವನ್ನು ಗಟ್ಟಿಯಾಗಿ ಓದಿ ಮೊಬೈಲಿನಲ್ಲಿ ತುಂಬಿಸಿಕೊಟ್ಟರು. ಅದನ್ನು ಅಕ್ಕ ಬಸ್ಸಿನಲ್ಲಿ ಕೇಳುತ್ತಿದ್ದರು. "ಎಲ್ಲಾ ಕ್ರಾಂತಿಗೂ ಹಿಂದೆ ಟಕಟಕ ಅಂತ ಮಿಷನ್ ಸದ್ದು. ಒಂದು ಕಡೆ ರಾಜನ್ನ ಸೆರೆ ಹಿಡಿಯೋ ಹೊತ್ತಿಗೆ ಯಾರೋ ಗಿರಾಕಿ ಬಂದು ‘ಸೊಂಟ ಒಂದಿಂಚು ಬಿಡಿ’ ಅಂತಾರೆ. ಆ ರಾಜನ್ನ ನಾನು ಈ ಜನ್ಮದಲ್ಲಿ ಮರೆಯಲ್ಲ."

ಕೆಲಸದ ಕೋಣೆಗೆ ಪುಸ್ತಕ ಒಯ್ಯುವ ಹಾಗಿಲ್ಲ. ಕಾಗದದ ಧೂಳೂ ಅಲ್ಲಿ ವರ್ಜ್ಯ. ಹಾಗಾಗಿ ಸಲಕರಣೆ ತೊಳೆಯುವಾಗ ಇಸವಿಗಳನ್ನು ಬಾಯಲ್ಲೇ ಹೇಳಿಕೊಳ್ಳುತ್ತಿದ್ದರು. ಎಂ.ಎ.ಗೆ ಸೇರಿದ್ದನ್ನು ಸಹೋದ್ಯೋಗಿಗಳಿಗೆ ಹೇಳಿರಲಿಲ್ಲ. ಫೇಲಾದರೆ ನಗುತ್ತಾರೆಂಬ ಅಳುಕು. ಐದು ತಿಂಗಳು ಹೀಗೆ ನಡೆಯಿತು. ಪಕ್ಕದ ಸಿಂಕಿನಲ್ಲಿ ನಿಲ್ಲುವ ಮೂರನೇ ನಂಬರಿನಾಕೆ ಈಗ ಆ ಕಥೆಯನ್ನು ಕೈಬಾಯಿ ತಿರುಗಿಸಿ ಹೇಳುತ್ತಾಳೆ. "ಮಾಸ್ಕ್ ಒಳಗೆ ಗೊಣಗೊಣ ಅಂತಿದ್ರು. ಮನೇಲಿ ಜಗಳ ಆಗಿದೆ, ಭಾವನಿಗೆ ಬೈತಾ ಇದ್ದಾರೆ ಅಂತ ನಾವೆಲ್ಲ ಪಾಪ ಅಂದ್ಕೊಂಡಿದ್ವಿ. ಒಂದಿನ ಹತ್ತಿರ ಹೋಗಿ ಕಿವಿ ಕೊಟ್ರೆ ಒಪ್ಪಂದ, ಷರತ್ತು, ಯುದ್ಧ ಖರ್ಚು! ಡೈವೋರ್ಸೇ ಆಗ್ತಿದೆ ಅಂತ ನನಗೆ ಅಳುನೇ ಬಂತು."

ಗುಟ್ಟು ಹೊರಬಿದ್ದ ಮೇಲೆ ಯಾರೂ ನಗಲಿಲ್ಲ. ಅಕ್ಕನಿಗೆ ಸಂಜೆಯ ಪಾಳಿ ಬಂದಾಗಲೆಲ್ಲ ಒಬ್ಬರಲ್ಲ ಒಬ್ಬರು ಬದಲಾಯಿಸಿಕೊಂಡರು. ಈ ಓದಿನಿಂದ ಏನು ಕಲಿತಿರಿ ಎಂದು ಕೇಳಿದಾಗ ಅಕ್ಕ ಮೊದಲು ಹೇಳಿದ್ದೇ ಇದನ್ನು. "ಮೊದಲನೇ ದಿನವೇ ಹೇಳ್ಬಿಡಬೇಕಿತ್ತು. ಐದು ತಿಂಗಳು ಸುಮ್ನೆ ಒಬ್ಬಳೇ ಒದ್ದಾಡಿದೆ." ಮತ್ತೇನು? "ಒಂದು ಗಂಟೆ ಸಿಕ್ಕಿದಾಗ ಓದ್ತೀನಿ ಅಂತ ಕಾಯಬಾರದು, ಆ ಗಂಟೆ ಬರೋದೇ ಇಲ್ಲ. ಹದಿನೈದು ನಿಮಿಷ ಸಿಕ್ಕಿದ್ರೆ ಅದೇ ಗಂಟೆ. ಆಮೇಲೆ... ಮನೇಲಿ ಕಿಟಕಿ ಧೂಳು ಹಿಡಿದ್ರೆ ಹಿಡೀಲಿ. ಅತ್ತೆ ಅದರ ಮೇಲೆ ಬೆರಳಲ್ಲಿ ಗೀರು ಎಳೆದು ತೋರಿಸೋರು. ನೋಡಿದೆ ಅತ್ತೆ, ಚೆನ್ನಾಗಿ ಬಂದಿದೆ ಅಂತಿದ್ದೆ." ತಲೆ ನರೆತ ಮೇಲೆ ರಾತ್ರಿ ಶಾಲೆಯ ಬೆಂಚಿನಲ್ಲಿ ಕೂತಿದ್ದ, ಇದನ್ನು ಬರೆಯುತ್ತಿರುವ ನನಗೆ ಇದರಲ್ಲಿ ತಿದ್ದುವಂಥದ್ದೇನೂ ಕಾಣಲಿಲ್ಲ.

ಎಲ್ಲದಕ್ಕಿಂತ ದೊಡ್ಡ ಪಾಠ ಕೊನೆಯ ಪರೀಕ್ಷೆಯಲ್ಲಿ ಕಾದಿತ್ತು.

ಮೂರು ಸೆಮಿಸ್ಟರುಗಳಲ್ಲಿ ಪರೀಕ್ಷೆಯ ದಿನ ರಜೆ ಹಾಕುತ್ತಿದ್ದರು. ನಾಲ್ಕನೆಯದರ ಕೊನೆಯ ಪತ್ರಿಕೆಯ ದಿನ ಇಬ್ಬರು ಜ್ವರದಿಂದ ಮಲಗಿದ್ದರು, ಮೇಲೆ ಆಪರೇಷನ್ನುಗಳ ಸಾಲು. ಅಕ್ಕ ಬೆಳಿಗ್ಗೆ ಬಂದು ಮಧ್ಯಾಹ್ನ ಹನ್ನೆರಡೂ ನಲವತ್ತರವರೆಗೆ ಮೂವತ್ತೆಂಟು ಟ್ರೇ ಕಟ್ಟಿ, ಬಸ್ಸು ಹಿಡಿದು ಎರಡು ಗಂಟೆಗೆ ಪರೀಕ್ಷೆಗೆ ಕೂತರು. ಐದು ಪ್ರಶ್ನೆಗೂ ತೃಪ್ತಿಯಾಗುವಷ್ಟು ಬರೆದು ಹಗುರಾಗಿ ಮನೆಗೆ ಬಂದರು.

ಫಲಿತಾಂಶದ ದಿನ ಇವರ ನಂಬರಿನ ಮುಂದೆ ‘ತಡೆಹಿಡಿಯಲಾಗಿದೆ’ ಎಂದಿತ್ತು. ನಾಲ್ಕು ದಿನಕ್ಕೆ ವಿಶ್ವವಿದ್ಯಾಲಯದ ಪತ್ರ. ಉತ್ತರ ಪತ್ರಿಕೆಯಲ್ಲಿ ಪ್ರತಿ ಉತ್ತರದ ಕೊನೆಗೂ ಗುರುತಿನ ಚಿಹ್ನೆ ಇದೆ, ಮೌಲ್ಯಮಾಪಕರಿಗೆ ಸಂಕೇತ ಕೊಟ್ಟಿರುವ ಶಂಕೆ, ವಿಚಾರಣೆಗೆ ಹಾಜರಾಗಬೇಕು. ತಪ್ಪು ಸಾಬೀತಾದರೆ ಆ ಸೆಮಿಸ್ಟರ್ ಪೂರ್ತಿ ರದ್ದು, ಎರಡು ವರ್ಷ ಪರೀಕ್ಷೆ ಬರೆಯುವಂತಿಲ್ಲ.

"ಏನು ಚಿಹ್ನೆ, ನಾನೇನು ಹಾಕಿದೆ ಅಂತ ಒಂದಿಡೀ ದಿನ ತಲೆ ಕೆಡಿಸ್ಕೊಂಡೆ. ಮಾರನೇ ದಿನ ಲೇಬಲ್ ಬರೀತಾ ಇದ್ದೆ. ಏಳು ಬರೆದು ಪೆನ್ನು ಎತ್ತಿದೆ ನೋಡಿ, ಕೈ ಅಲ್ಲೇ ನಿಂತುಹೋಯ್ತು." ಉತ್ತರವನ್ನು ಬರೆದು, ಇನ್ನೊಮ್ಮೆ ಓದಿ, ಸರಿಯಿದೆ ಎನಿಸಿದೊಡನೆ, ಬೆಳಗಿನಿಂದ ಟ್ರೇ ಕಟ್ಟಿ ಬಂದ ಅವರ ಕೈ ತಾನಾಗಿ ಗಡಿಯಾರದ ಹೊತ್ತು ಬರೆದು ಸೊನ್ನೆಯೊಳಗೆ ಏಳು ಹಾಕಿತ್ತು. ಐದೂ ಉತ್ತರಕ್ಕೆ.

ವಿಚಾರಣೆಗೆ ನಲವತ್ತು ದಿನ ಇತ್ತು. ಪದವಿ ಹೋದರೆ ಹೋಗಲಿ ಎಂದು ಅವರು ಒಂದು ಮಟ್ಟಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ಕೊರೆಯುತ್ತಿದ್ದದ್ದು ಬೇರೆ. "ನಾನು ಕಟ್ಟಿದ್ದನ್ನ ಯಾರೂ ಬಿಚ್ಚಿ ಪರೀಕ್ಷೆ ಮಾಡಲ್ಲಮ್ಮ, ಮಾಡೋಕೆ ಆಗೋದೂ ಇಲ್ಲ. ಬಿಚ್ಚಿದ ಕೂಡಲೇ ಶುದ್ಧ ಕೆಡುತ್ತೆ. ನಂಬರ್ ನೋಡ್ತಾರೆ, ನಂಬ್ತಾರೆ. ಪರೀಕ್ಷೇಲಿ ಮೋಸ ಮಾಡಿದವಳು ಅಂತ ಆದ್ಮೇಲೆ ಆ ನಂಬರ್‌ಗೆ ಏನು ಬೆಲೆ?" ಅದೇ ದಿನಗಳಲ್ಲಿ ಆಪರೇಷನ್ ಥಿಯೇಟರಿನಿಂದ ಒಂದು ಟ್ರೇ ಬಿಚ್ಚದೆ ವಾಪಸ್ ಬಂತು. ಸುತ್ತಿದ ಬಟ್ಟೆ ಮೂಲೆಯಲ್ಲಿ ಹರಿದಿತ್ತು, ಅಷ್ಟೇ. ಆದರೆ ಅದನ್ನು ತಿಳಿಯುವ ತನಕ ಅಕ್ಕ ಮುಂದಿನ ಟ್ರೇಗೆ ಕೈ ಹಾಕಲಿಲ್ಲ.

ವಿಚಾರಣೆಯ ದಿನ ಜೊತೆಗೆ ಹೋದವರು ಆಸ್ಪತ್ರೆಯ ಅವರದೇ ವಿಭಾಗದ ಮೇಲ್ವಿಚಾರಕರು. ಮಿತಭಾಷಿ, ನಿವೃತ್ತಿಗೆ ಎರಡು ತಿಂಗಳು ಬಾಕಿಯಿದ್ದವರು. ಕಂಕುಳಲ್ಲಿ ಪ್ಯಾಕಿಂಗ್ ರಿಜಿಸ್ಟರು, ಕೈಯಲ್ಲೊಂದು ಫೈಲು. ಮೇಜಿನ ಆಚೆ ಸಮಿತಿಯ ಮೂವರು. ಅಕ್ಕ ನಡೆದದ್ದನ್ನು ಹೇಳಿದರು. ಅಧ್ಯಕ್ಷೆಯಾಗಿದ್ದ ಹಿರಿಯ ಪ್ರಾಧ್ಯಾಪಕಿ, "ಹೇಳಿದ್ದನ್ನೇ ಬರೆದು ಸಹಿ ಮಾಡಿ ಕೊಡಿ," ಎಂದು ಕಾಗದ ಮುಂದಿಟ್ಟರು. ಅಕ್ಕ ಬರೆದರು, ಓದಿಕೊಂಡರು, ಸಹಿ ಹಾಕಿದರು, ಗೋಡೆಯ ಗಡಿಯಾರದ ಕಡೆ ನೋಡಿದರು.

ಮುಂದಿನದನ್ನು ಮೇಲ್ವಿಚಾರಕರ ಬಾಯಲ್ಲೇ ಕೇಳಬೇಕು. "ಅಧ್ಯಕ್ಷರು ಕಾಗದ ತಗೊಂಡ್ರು. ಕನ್ನಡಕ ಮೇಲೆ ಮಾಡಿದ್ರು. ‘ಇದೇನಮ್ಮ?’ ಅಂದ್ರು. ನೋಡಿದ್ರೆ ಹನ್ನೊಂದು ಇಪ್ಪತ್ತು, ಪಕ್ಕದಲ್ಲಿ ಸೊನ್ನೆ, ಒಳಗೆ ಏಳು! ನಮ್ಮಕ್ಕ ಅಯ್ಯಯ್ಯೋ ಅಂತ ಬಾಯಿ ಮುಚ್ಕೊಂಡ್ರು. ಆದ್ರೆ ಇನ್ನೊಬ್ಬರು ಸರ್ ಇದ್ರಲ್ಲ, ಅವರಿಗೆ ಸಮಾಧಾನ ಇಲ್ಲ. ‘ಇದು ನಾಟಕ ಯಾಕಾಗಿರಬಾರದು? ರಿಜಿಸ್ಟರು ಆಸ್ಪತ್ರೆಯದ್ದು, ಅಲ್ಲಿ ಹಾಕ್ತಾರೆ ಸರಿ. ಬೇರೆ ಕಡೆ ಹಾಕಿದ್ದು ತೋರಿಸಿ’ ಅಂದ್ರು. ಆಗ ನಾನು ಫೈಲ್ ಬಿಚ್ಚಿದೆ."

ಫೈಲಿನಲ್ಲಿ ಇದ್ದದ್ದು ಅಕ್ಕನ ಹಳೆಯ ರಜಾ ಅರ್ಜಿಗಳು. ಮಗಳಿಗೆ ಕಾಮಾಲೆಯಾದಾಗ ಬರೆದದ್ದು, ಅತ್ತೆಯ ಕಣ್ಣಿನ ಆಪರೇಷನ್ನಿಗೆ ಬರೆದದ್ದು, ಒಂಬತ್ತು ವರ್ಷದವು. ಪ್ರತಿಯೊಂದರ ಕೊನೆಗೂ ಸಹಿ, ಹೊತ್ತು, ಸೊನ್ನೆ, ಏಳು. "ಒಂಬತ್ತು ವರ್ಷದಿಂದ ನಾನೂ ನೋಡ್ತಾ ಇದ್ದೆ, ಸರ್. ಹೇಳಿದ್ರೆ ಬೇಜಾರು ಮಾಡ್ಕೋತಾರೆ ಅಂತ ಸುಮ್ನಿದ್ದೆ," ಎಂದರಂತೆ ಮೇಲ್ವಿಚಾರಕರು. ಮೊದಲು ನಕ್ಕವರು ಆ ಅನುಮಾನದ ಸರ್ ಅವರೇ.

ಮೂರು ವಾರಕ್ಕೆ ಪತ್ರ ಬಂತು, ಅದರ ಹಿಂದೆಯೇ ಫಲಿತಾಂಶ. ಎರಡನೇ ದರ್ಜೆ. ಗಂಡ ಮಿಷನ್ನಿನಿಂದ ಕಾಲು ತೆಗೆದು ಉಸ್ಸೆಂದು ಕೂತರು. ಅತ್ತೆ, ಗಂಡು ಹುಡುಕುವ ಮಾತು ಎತ್ತಿದ್ದವರು, ಎದುರುಮನೆಯವರಿಗೆ ಕೇಳುವಂತೆ, "ನಮ್ಮ ಎಂ.ಎ.ಗೆ ಒಂದು ಲೋಟ ಚಹಾ ಕೊಡ್ರೋ," ಎಂದು ಕೂಗಿದರು. ಅಕ್ಕ ಆ ದಿನ ಮಾಡಿದ್ದು ಒಂದೇ ಕೆಲಸ: ಹಾಡುಹಗಲು ಮೂರು ಗಂಟೆ ಕಾಲ ನಿದ್ದೆ. "ಎರಡು ವರ್ಷದಲ್ಲಿ ಹಾಗೆ ಮಲಗಿರಲಿಲ್ಲ. ಎದ್ದಾಗ ಏನು ಓದಬೇಕು ಅಂತ ನೆನಪು ಮಾಡ್ಕೊಳ್ಳೋಕೆ ಹೋದೆ. ಏನೂ ಇರಲಿಲ್ಲ. ಆಹಾ!"

ಕೆಲಸ ಬದಲಾಯಿಸುತ್ತೀರಾ ಎಂದರೆ ತಲೆ ಅಲ್ಲಾಡಿಸುತ್ತಾರೆ. ಹೊಸದಾಗಿ ಸೇರುವವರಿಗೆ ಟ್ರೇ ಕಟ್ಟುವುದನ್ನು ಕಲಿಸುವ ಹೊಣೆ ಈಗ ಇವರದು. ಅವರಲ್ಲಿ ಒಬ್ಬಾಕೆ ಬಿ.ಎ. ಅರ್ಧಕ್ಕೆ ಬಿಟ್ಟವಳು, ಅವಳ ಅರ್ಜಿಯನ್ನು ತುಂಬಿಸಿದ್ದಾರೆ. ಪರೀಕ್ಷೆಯ ದಿನ ಕಡ್ಡಾಯವಾಗಿ ರಜೆ ಎಂದು ಅವಳಿಂದ ಈಗಲೇ ಮಾತು ತೆಗೆದುಕೊಂಡಿದ್ದಾರೆ.

ಅವರ ಮನೆಗೆ ಹೋದಾಗ ಎಂ.ಎ. ಅಂಕಪಟ್ಟಿ ತೋರಿಸಿ ಎಂದೆ. ಕಪಾಟಿನಿಂದ ಪ್ಲಾಸ್ಟಿಕ್ ಕವರು ತಂದು, ಅದರಿಂದ ಮೊದಲು ಹೊರತೆಗೆದದ್ದು ವಿಚಾರಣಾ ಸಮಿತಿಯ ಪತ್ರ. ಅಂಕಪಟ್ಟಿ ಅದರ ಹಿಂದಿತ್ತು. ‘ಅಭ್ಯರ್ಥಿಯು ಸತ್ಯವನ್ನೇ ನುಡಿದಿರುವುದು ಕಂಡುಬಂದಿದೆ, ಇನ್ನು ಮುಂದೆ ಎಚ್ಚರ ವಹಿಸತಕ್ಕದ್ದು’ ಎಂದು ಟೈಪಾದ ಸಾಲು. ಅದರ ಮೇಲೆ ಬೆರಳಿಟ್ಟು ಅವರು ಹೇಳುತ್ತಾರೆ: "ಅಂಕಪಟ್ಟೀನ ವರ್ಷಕ್ಕೆ ಸಾವಿರಾರು ಜನಕ್ಕೆ ಕೊಡ್ತಾರಮ್ಮ. ನಿಜ ಹೇಳಿದ್ದಾಳೆ ಅಂತ ಬರೆದು, ಮೂರು ಜನ ಸಹಿ ಹಾಕಿ ಕೊಟ್ಟಿರೋದು ನನಗೊಬ್ಬಳಿಗೇ."